ಕಣ್ಣಿಗೆ ಫೋರ್-ಕೆ, ಕಿವಿಗೆ ಶ್ಶ್ಶ್

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933 ಆದಮೇಲೆ ಅದೇ ಮೊದಲು. ಲೆಕ್ಕ ಹಾಕಿದರೆ 89 ವರ್ಷ. ಬಯಲುಸೀಮೆಯವರಿಗೆ ಇದು ಎಂಥ ಸುದ್ದಿ ಅಂತ ಮಲೆನಾಡಿನ ಗೆಳೆಯರಿಗೆ ಹೇಳಿ ಅರ್ಥ ಮಾಡಿಸೋಕೆ ಆಗಲ್ಲ. ನಮ್ಮಪ್ಪನ ತಲೆಮಾರಿನವರು ಅದನ್ನು ನೋಡೇ ಇರಲಿಲ್ಲ. ಹಾಗಾಗಿ ಜನ ಹೋದರು, ಕಾರು, ಬೈಕು, ಟ್ರ್ಯಾಕ್ಟರ್ ಸಿಕ್ಕಿದ್ದು ಹತ್ತಿಕೊಂಡು ಹೋದರು. ಹೋದವರೆಲ್ಲ ವಿಡಿಯೋ ಮಾಡಿದರು. ನಾನು ಬೆಂಗಳೂರಲ್ಲಿ ಕೂತು ಆ ವಿಡಿಯೋಗಳಲ್ಲಿ ಒಂದು ಮೂವತ್ತನ್ನಾದರೂ ನೋಡಿದ್ದೇನೆ.

ಚಿತ್ರಗಳ ಬಗ್ಗೆ ತಕರಾರಿಲ್ಲ. ಡ್ರೋನ್ ಏನು, ಸ್ಲೋ ಮೋಷನ್ ಏನು, ಕೋಡಿಯ ನೀರಿನ ಒಂದೊಂದು ಹನಿಯನ್ನೂ ಎಣಿಸಬಹುದು. ಆದರೆ ಇಯರ್‌ಫೋನ್ ಹಾಕಿಕೊಂಡು ಕೇಳಿ ನೋಡಿ. ಶ್ಶ್ಶ್ಶ್. ಮೊದಲು ಅದು ನೀರಿನ ಸದ್ದು ಅಂದುಕೊಳ್ತೀರಿ. ಒಂದು ವಿಡಿಯೋದಲ್ಲಿ ಹುಡುಗ ನೀರಿಗೆ ಬೆನ್ನು ಹಾಕಿ, ನಡೆದು ಬಂದು, ಕಾರಿನ ಒಳಗೆ ಕೂತು, ಬಾಗಿಲು ಹಾಕಿಕೊಂಡು ಮಾತಾಡ್ತಾನೆ. ಆಗಲೂ ಅದೇ ಶ್ಶ್ಶ್ಶ್, ಅದೇ ಮಟ್ಟದಲ್ಲಿ! ಅಂದರೆ ಅಷ್ಟು ಹೊತ್ತು ನಾನು ಕೇಳಿದ್ದರಲ್ಲಿ ಮಾರಿಕಣಿವೆ ಎಷ್ಟು, ಕ್ಯಾಮೆರಾದ ಹಿಸ್ ಎಷ್ಟು ಅಂತ ದೇವರಿಗೇ ಗೊತ್ತು.

ಸಿನಿಮಾಕ್ಕೆ ವಿಮರ್ಶೆ ಬರೆಯೋರು ಸಾವಿರ ಜನ ಇದ್ದಾರೆ. ನಮ್ಮೂರ ಕಡೆ ತೇರು, ನಾಟಕ, ಸೋಬಾನೆ, ಕೋಟೆ, ಕೆರೆ ಅಂತ ದಿನಾ ಮೇಲಕ್ಕೇರುವ ಈ ವಿಡಿಯೋಗಳಿಗೆ ವಿಮರ್ಶೆ ಬರೆದವರನ್ನು ಮಾತ್ರ ನಾನು ಕಂಡಿಲ್ಲ. ಪಾಪ, ಹುಡುಗರು ಪ್ರೀತಿಯಿಂದ ಮಾಡ್ತಾರೆ, ಅದಕ್ಕೇನು ವಿಮರ್ಶೆ ಅನ್ನೋ ಉದಾರತೆ ಇರಬೇಕು. ನನಗೆ ಆ ಉದಾರತೆ ಇಲ್ಲ. ಪ್ರೀತಿಯಿಂದ ಮಾಡಿದ ಕೆಲಸಕ್ಕೇ ವಿಮರ್ಶೆ ಬೇಕಾಗಿರೋದು. ಅದರಲ್ಲೂ ಧ್ವನಿಯ ವಿಷಯದಲ್ಲಿ, ಯಾಕೆಂದರೆ ಆ ವಿಡಿಯೋಗಳಲ್ಲಿ ಮುಂದೆ ಯಾರಿಗಾದರೂ ಬೇಕಾಗುವ ವಸ್ತು ಹೆಚ್ಚಿನ ಪಾಲು ಧ್ವನಿಯೇ.

ಈ ಹಿಸ್ ಅನ್ನೋದು ಎಲ್ಲಿಂದ ಬರುತ್ತೆ? ಸ್ವಲ್ಪ ಭಾಗ ಪ್ರಕೃತಿಯದೇ. 1928ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಜಾನ್ ಜಾನ್ಸನ್ ಎಂಬಾತ, ಯಾವುದೇ ರೆಸಿಸ್ಟರ್ ಸುಮ್ಮನೆ ಬಿದ್ದಿದ್ದರೂ ಅದರೊಳಗಿನ ಎಲೆಕ್ಟ್ರಾನ್‌ಗಳು ಶಾಖಕ್ಕೆ ಕುಣಿಯುತ್ತಾ ಒಂದು ಸಣ್ಣ ಗದ್ದಲ ಹುಟ್ಟಿಸುತ್ತವೆ ಅಂತ ಅಳೆದು ಪ್ರಕಟಿಸಿದ. ಅದೇ ವರ್ಷ ಅವನ ಸಹೋದ್ಯೋಗಿ ಹ್ಯಾರಿ ನೈಕ್ವಿಸ್ಟ್ ಅದಕ್ಕೆ ಲೆಕ್ಕ ಕೊಟ್ಟ. ಬಿಇ ಮಾಡಿದವರಿಗೆ ಥರ್ಮಲ್ ನಾಯ್ಸ್ ಅಂದರೆ ನೆನಪಾಗಬಹುದು, ಐದು ಮಾರ್ಕಿನ ಪ್ರಶ್ನೆ. ಹಾಗಾಗಿ ಪೂರ್ತಿ ನಿಶ್ಶಬ್ದವಾದ ಮೈಕ್ ಅನ್ನೋದೇ ಇಲ್ಲ. ಮೈಕಿನಿಂದ ಬರುವ ಸಿಗ್ನಲ್ ತೀರಾ ಬಡಕಲು, ಅದನ್ನು ನೂರಾರು ಪಟ್ಟು ಹಿಗ್ಗಿಸಬೇಕು. ಹಿಗ್ಗಿಸುವ ಪ್ರೀಆಂಪ್ ಅನ್ನೋ ಸರ್ಕ್ಯೂಟ್ ಚೆನ್ನಾಗಿದ್ದರೆ ಅದು ತನ್ನ ಕಡೆಯಿಂದ ಸೇರಿಸುವ ಗದ್ದಲ ಕಡಿಮೆ, ಚೆನ್ನಾಗಿಲ್ಲದಿದ್ದರೆ ಜಾಸ್ತಿ. ವಿಡಿಯೋ ಕ್ಯಾಮೆರಾ ಮಾಡುವವರು ದುಡ್ಡು ಸುರಿಯೋದು ಲೆನ್ಸಿಗೆ, ಸೆನ್ಸರ್‌ಗೆ. ಪ್ರೀಆಂಪ್‌ಗೆ ಉಳಿಯೋದು ಮದುವೆ ಊಟದಲ್ಲಿ ಕೊನೇ ಪಂಕ್ತಿಗೆ ಉಳಿದಷ್ಟು.

ಆದರೆ ನನ್ನ ಪ್ರಕಾರ ನಮ್ಮ ವಿಡಿಯೋಗಳನ್ನು ಹಾಳು ಮಾಡ್ತಿರೋ ದೊಡ್ಡ ಆಸಾಮಿ ಎಲೆಕ್ಟ್ರಾನ್ ಅಲ್ಲ. ಆಟೋ ಗೇನ್. ಕ್ಯಾಮೆರಾ ತಾನೇ ಧ್ವನಿಯ ಮಟ್ಟವನ್ನು ಏರಿಸಿ ಇಳಿಸುವ ವ್ಯವಸ್ಥೆ ಇದು. ಜೋರಾಗಿ ಮಾತಾಡಿದರೆ ತಗ್ಗಿಸುತ್ತೆ. ಮಾತು ನಿಂತರೆ ಗಾಬರಿ ಬಿದ್ದು, ಎಲ್ಲೋಯ್ತು ಎಲ್ಲೋಯ್ತು ಅಂತ ಹುಡುಕುತ್ತಾ ಗೇನ್ ಏರಿಸುತ್ತಾ ಹೋಗುತ್ತೆ. ಏರಿಸಿದಾಗ ಸಿಗೋದು ಏನು? ಹಿಸ್ ಮಾತ್ರ. ಪದ ಹೇಳುವ ಅಜ್ಜಿ ಒಂದು ಸಾಲು ಮುಗಿಸಿ ಉಸಿರು ತಗೊಳ್ಳುವ ಆ ಒಂದೆರಡು ಸೆಕೆಂಡ್‌ನಲ್ಲಿ ಶ್ಶ್ಶ್ ಅನ್ನೋದು ಅಲೆಯ ಹಾಗೆ ಎದ್ದು ಬರುತ್ತೆ. ಅಜ್ಜಿ ಮತ್ತೆ ಶುರು ಮಾಡಿದ ಕೂಡಲೇ ಮೊದಲ ಅಕ್ಷರ ಒಡೆದು, ಆಮೇಲೆ ಹಿಸ್ ಕುಸಿಯುತ್ತೆ. ಪ್ರತಿ ಸಾಲಿಗೂ ಹೀಗೇ. ಒಂದೇ ಮಟ್ಟದ ಹಿಸ್ ಇದ್ದರೆ ಕಿವಿ ಐದು ನಿಮಿಷಕ್ಕೆ ಅದನ್ನು ಮರೆಯುತ್ತೆ. ಏರಿಳಿಯುವ ಹಿಸ್ಸನ್ನು ಮರೆಯೋಕೆ ಬಿಡಲ್ಲ.

ಇದು ಹಳ್ಳಿಯ ಹುಡುಗರ ಅಜ್ಞಾನ ಅಂತ ಯಾರೂ ಬೀಗಬೇಕಾಗಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಸಿನಿಮಾ ತೆಗೀಬಹುದು ಅಂತ ಜಗತ್ತಿಗೆ ಹುಚ್ಚು ಹಿಡಿಸಿದ್ದು 2008ರ ಕ್ಯಾನನ್ 5ಡಿ ಮಾರ್ಕ್ 2. ಅದರಲ್ಲೂ ಧ್ವನಿಯ ಮಟ್ಟವನ್ನು ಕೈಯಲ್ಲಿ ಹೊಂದಿಸುವ ಸೌಲಭ್ಯ ಬಂದಿದ್ದು 2010ರ ಫರ್ಮ್‌ವೇರ್‌ನಲ್ಲಿ. ಅಲ್ಲಿಯವರೆಗೆ ದೊಡ್ಡ ದೊಡ್ಡವರೂ ಕ್ಯಾಮೆರಾಕ್ಕೆ ಬೇರೆ ಕಡೆಯಿಂದ ಸದ್ದು ತುಂಬಿ ಆಟೋ ಗೇನ್ ಅನ್ನು ಯಾಮಾರಿಸುತ್ತಿದ್ದರು. ಈಗ ಆ ಸೌಲಭ್ಯ ಮೊಬೈಲಿನ ಎಷ್ಟೋ ಆಪ್‌ಗಳಲ್ಲೂ ಇದೆ. ಮುಟ್ಟುವವರಿಲ್ಲ.

ಚಿತ್ರದುರ್ಗದ ಕೋಟೆಯ ವಿಡಿಯೋಗಳದ್ದು ಇನ್ನೊಂದು ಕಥೆ. ಕೋಟೆ ಅಂದಕೂಡಲೇ ನಮಗೆಲ್ಲ ಕಣ್ಣಮುಂದೆ ಬರೋದು 1972ರ ನಾಗರಹಾವು, ತ.ರಾ.ಸು. ಕಾದಂಬರಿ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಆ ಬಂಡೆಗಳ ಚಿತ್ರ ನಮ್ಮ ತಲೆಯಲ್ಲಿ ಅಚ್ಚಾಗಿದೆ. ಸದ್ದು? ಆಗಿನ ಹೊರಾಂಗಣ ದೃಶ್ಯಗಳಿಗೆ ಮಾತನ್ನು ಸಾಮಾನ್ಯವಾಗಿ ಆಮೇಲೆ ಸ್ಟುಡಿಯೋದಲ್ಲಿ ಕೂತು ಕೂಡಿಸುತ್ತಿದ್ದರು. ಕ್ಯಾಮೆರಾದ ಮೋಟಾರೇ ಗಿರಗಿರ ಅನ್ನುತ್ತಿದ್ದ ಕಾಲ ಅದು. ಹಾಗಾಗಿ ದುರ್ಗದ ಕಲ್ಲು ಹೇಗೆ ಕಾಣುತ್ತೆ ಅಂತ ಕನ್ನಡ ಸಿನಿಮಾ ಕಲಿಸಿತು, ಹೇಗೆ ಕೇಳಿಸುತ್ತೆ ಅಂತ ಕಲಿಸಲಿಲ್ಲ. ಎರಡು ಬಂಡೆಗಳ ನಡುವೆ ನಿಂತು ಮಾತಾಡಿದರೆ ಸ್ವರ ಒಣಗಿ, ಗಟ್ಟಿಯಾಗಿ, ಪಕ್ಕದಲ್ಲೇ ಇನ್ನೊಬ್ಬ ನಿಂತು ಹೇಳಿದ ಹಾಗೆ ವಾಪಸ್ ಬರುತ್ತೆ. ಓಬವ್ವನ ಕಿಂಡಿಯ ಹತ್ತಿರ ಒಮ್ಮೆ ಕಿವಿಗೊಟ್ಟು ನಿಂತು ನೋಡಿ. ಎಷ್ಟೋ ವರ್ಷ ಆದಮೇಲೆ ತಿಥಿಯಂಥ ಸಿನಿಮಾ ಮಂಡ್ಯ ಸೀಮೆಯ ಊರಿನ ಮಾತನ್ನು ಊರಿನ ಸದ್ದಿನ ಜತೆಗೇ ಹಿಡಿದಾಗ ನಮ್ಮಂಥವರಿಗೆ ಕಿವಿ ತೆರೆದಂತಾಯ್ತು. ಹಳ್ಳಿಯ ಮಾತಿನ ಹಿಂದೆ ಕೋಳಿ, ಕುರಿ, ಮೋಟಾರು ಇರುತ್ತವೆ, ಅವು ಇದ್ದರೇ ಅದು ಹಳ್ಳಿ. ಈಗಿನ ವ್ಲಾಗರ್‌ಗಳು ಕೋಟೆಯಲ್ಲಿ ಮಾತಾಡಿ, ಹಿಸ್ ಬಂತು ಅಂತ ಅದರ ಮೇಲೆ ಬಿಜಿಎಂ ಸುರಿದುಬಿಡ್ತಾರೆ. ಕೊಳೆ ಗೋಡೆಗೆ ಕ್ಯಾಲೆಂಡರ್ ನೇತು ಹಾಕಿದ ಹಾಗೆ. ಕಲ್ಲಿನ ಸದ್ದು ಮತ್ತೆ ಹೋಯ್ತು.

ಗಾಳಿಯ ಬಗ್ಗೆಯೂ ಒಂದು ಮಾತು ಹೇಳಿಬಿಡ್ತೀನಿ, ಯಾಕೆಂದರೆ ನಮ್ಮ ಕಡೆ ಎರಡನ್ನೂ ಕಲಸಿ "ನಾಯ್ಸ್" ಅಂದುಬಿಡ್ತಾರೆ. ಜೋಗಿಮಟ್ಟಿಯ ಸಾಲಿನ ಮೇಲೆ, ಹೊಸದುರ್ಗ ಹೊಳಲ್ಕೆರೆ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿದ್ದು ಸುಮ್ಮನೆ ಅಲ್ಲ. ಅಲ್ಲಿ ಗಾಳಿ ಇದೆ. ಮೈಕಿಗೆ ಗಾಳಿ ಬಡಿದರೆ ಬರೋದು ಗುಡುಗುಡು ಅನ್ನುವ ತಗ್ಗು ಸ್ವರದ ಸದ್ದು, ಹಿಸ್ ಅಲ್ಲ. ಅದಕ್ಕೆ ಮದ್ದು ಬೇರೆ. ಮೈಕಿಗೆ ತುಪ್ಪಳದ ಟೋಪಿ, ಕ್ಯಾಮೆರಾದಲ್ಲಿ ಲೋ ಕಟ್. ಹಿಸ್ ಇರೋದು ಮೇಲಿನ ಸ್ವರಗಳಲ್ಲಿ, ಲೋ ಕಟ್ ಹಾಕಿದರೆ ಅದಕ್ಕೆ ಇರುವೆ ಕಚ್ಚಿದಷ್ಟೂ ಆಗಲ್ಲ. ಟೋಪಿ ಹಾಕಿದೆ, ಆದರೂ ಶ್ಶ್ಶ್ ಹೋಗಲಿಲ್ಲ ಅಂತ ಗೋಳಾಡುವ ಗೆಳೆಯರಿಗೆ ಇದನ್ನು ಎಷ್ಟು ಸಲ ಹೇಳಿದ್ದೀನೋ.

ಇನ್ನು ನಾಟಕ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಅಂದರೆ ರಂಗಭೂಮಿಯವರಿಗೆ ಪರಿಚಯ ಬೇಕಿಲ್ಲ. ಪಂಡಿತಾರಾಧ್ಯ ಸ್ವಾಮೀಜಿಯವರ ಶಿವಸಂಚಾರ 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ರಾಜ್ಯ ಸುತ್ತುತ್ತೆ, ಊರಲ್ಲಿ ಬಯಲು ರಂಗಮಂದಿರ ಇದೆ, ನವೆಂಬರ್ ಸುಮಾರಿಗೆ ನಾಟಕೋತ್ಸವ. ಜನ ಮೆಟ್ಟಿಲ ಮೇಲೆ ಕೂತು ಮೊಬೈಲ್ ಎತ್ತಿ ಹಿಡೀತಾರೆ. ನಟನ ಬಾಯಿಗೂ ಮೊಬೈಲಿಗೂ ಅರವತ್ತು ಎಪ್ಪತ್ತು ಅಡಿ. ಝೂಮ್ ಮಾಡಿದರೆ ಮುಖ ಹತ್ತಿರ ಬರುತ್ತೆ. ಸ್ವರ ಬರಲ್ಲ ಸ್ವಾಮಿ! ಝೂಮ್ ಮಾಡೋಕೆ ಅದೇನು ಬೆಳಕೇ? ಇಡೀ ವಿಷಯದ ಗುಟ್ಟು ಇದೊಂದೇ, ಇದನ್ನು ಯಾವ ಗ್ಯಾಜೆಟ್ ವಿಮರ್ಶಕನೂ ದಪ್ಪಕ್ಷರದಲ್ಲಿ ಬರೆಯಲ್ಲ, ಬರೆದರೆ ಮಾರೋಕೆ ಏನೂ ಇರಲ್ಲ. ದೂರ.

ಬಯಲಲ್ಲಿ ದೂರ ಎರಡು ಪಟ್ಟಾದರೆ ಸ್ವರ 6 ಡೆಸಿಬಲ್ ಕಡಿಮೆ. ಹತ್ತು ಪಟ್ಟಾದರೆ 20 ಡೆಸಿಬಲ್. ಅಂದರೆ ಹದಿನೈದು ಅಡಿ ದೂರದ ಕ್ಯಾಮೆರಾದ ಬದಲು ಒಂದೂವರೆ ಅಡಿಯಲ್ಲಿ ಮೈಕ್ ಇಟ್ಟರೆ, ಬಿಡಿಕಾಸು ಖರ್ಚಿಲ್ಲದೆ 20 ಡೆಸಿಬಲ್ ಲಾಭ. ಇಷ್ಟೇ ಲಾಭವನ್ನು ಒಳ್ಳೇ ಪ್ರೀಆಂಪ್ ಕೊಂಡು ಗಳಿಸ್ತೀನಿ ಅಂದರೆ ಜೇಬು ಖಾಲಿ, ಆದರೂ ಸಿಗೋ ಗ್ಯಾರಂಟಿ ಇಲ್ಲ. ಬಾಯಿಯ ಹತ್ತಿರ ಸ್ವರ ದೊಡ್ಡದಾಗಿ ಸಿಗುತ್ತೆ, ಗೇನ್ ತಗ್ಗಿಸಬಹುದು, ಗೇನ್ ತಗ್ಗಿದರೆ ಹಿಸ್ ತಗ್ಗುತ್ತೆ. ಕ್ಯಾಮೆರಾಕ್ಕೇ ಮೈಕ್ ಸಿಕ್ಕಿಸುವವರಿಗೂ ಇದೇ ತತ್ವ. ಮೈಕಿನ ಕಡೆಯಿಂದ ಬಲವಾದ ಸಿಗ್ನಲ್ ಕಳಿಸಿ, ಕ್ಯಾಮೆರಾದ ಗೇನ್ ತಳಕ್ಕೆ ಇಳಿಸಿ. ರೋಡ್ ವಿಡಿಯೋಮೈಕ್ ಪ್ರೋದಂಥ ಮೈಕುಗಳಲ್ಲಿ 20 ಡೆಸಿಬಲ್ ಹೆಚ್ಚಿಸುವ ಗುಂಡಿ ಇಟ್ಟಿರೋದು ಇದಕ್ಕೇ. ಎಷ್ಟೋ ಜನ ಆ ಗುಂಡಿಯನ್ನೂ ಒತ್ತಿ, ಕ್ಯಾಮೆರಾದಲ್ಲಿ ಆಟೋವನ್ನೂ ಬಿಟ್ಟು, ಮೈಕೇ ಸರಿಯಿಲ್ಲ ಅಂತ ಮಾರಿಬಿಡ್ತಾರೆ.

ಅದಕ್ಕಿಂತ ಸುಲಭ, ಎರಡನೇ ಮೊಬೈಲ್. ಎಲ್ಲರ ಮನೆಯಲ್ಲೂ ಪರದೆ ಬಿರುಕು ಬಿಟ್ಟ ಹಳೇ ಫೋನ್ ಒಂದು ಇದ್ದೇ ಇರುತ್ತೆ. ಅದನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ರೆಕಾರ್ಡರ್ ಒತ್ತಿ, ಹಾಡುವವರ ಮುಂದೆ ಟವೆಲ್ ಮಡಿಸಿ ಅದರ ಮೇಲಿಡಿ. ಆಪ್‌ನಲ್ಲಿ 48 ಕಿಲೋಹರ್ಟ್ಸ್, ವೇವ್ ಫೈಲ್ ಅಂತ ಆರಿಸಿ. ಎಲ್ಲ ಶುರುವಾದ ಮೇಲೆ ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ. ಆಮೇಲೆ ಎಡಿಟ್ ಮಾಡುವಾಗ ಆ ಚಪ್ಪಾಳೆಗೆ ಎರಡನ್ನೂ ಹೊಂದಿಸಬಹುದು. ಒಂದು ಗಂಟೆಯ ರೆಕಾರ್ಡಿಂಗ್ ಆದರೆ ಕೊನೆಗೆ ತುಟಿಗೂ ಮಾತಿಗೂ ಚೂರು ವ್ಯತ್ಯಾಸ ಬರಬಹುದು, ಎರಡು ಯಂತ್ರದ ಗಡಿಯಾರ ಎರಡು ಥರ ಓಡ್ತವೆ. ಅದಕ್ಕೆ ಅರ್ಧ ಗಂಟೆಗೊಂದು ಚಪ್ಪಾಳೆ ಹೊಡೀರಿ. ಫ್ಯಾನ್ ಆರಿಸಿ, ಫ್ರಿಜ್ ಆರಿಸಿ (ಮತ್ತೆ ಹಾಕೋದು ಮರೀಬೇಡಿ, ಬೈಸಿಕೊಳ್ಳೋದು ನೀವೇ). ಸಿಮೆಂಟ್ ಮನೆ ಆದರೆ ನೆಲಕ್ಕೊಂದು ಕಂಬಳಿ, ಹಾಡುವವರ ಹಿಂದೊಂದು ಕಂಬಳಿ. ಈ ಕೆಲಸಕ್ಕೆ ಅಂತ ವಿದೇಶಿ ಫೋಮ್ ತರಿಸುವವರಿದ್ದಾರೆ. ಕುರಿಕಂಬಳಿ ನೇಯುವ ಜಿಲ್ಲೆಯಲ್ಲಿ!

ಬೇಡದ ಉಪದೇಶವೂ ಬೇಕಾದಷ್ಟಿದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಹಿಸ್ ಹೋಗುತ್ತೆ ಅಂತಾರೆ. 16 ಬಿಟ್‌ನಲ್ಲೇ ಕಾಗದದ ಮೇಲೆ 96 ಡೆಸಿಬಲ್ ವ್ಯಾಪ್ತಿ ಇದೆ, ಕ್ಯಾಮೆರಾದ ಪ್ರೀಆಂಪ್ ಗದ್ದಲ ಅದಕ್ಕಿಂತ ಎಷ್ಟೋ ಮೇಲೆ ಕೂತಿರುತ್ತೆ. 24 ಬಿಟ್ ಹಾಕಿದರೆ ಅದೇ ಹಿಸ್ ಇನ್ನೂ ಕರಾರುವಾಕ್ಕಾಗಿ ದಾಖಲಾಗುತ್ತೆ, ಅಷ್ಟೇ. ಈಗಿನ ಹೊಸ ಮಂತ್ರ 32 ಬಿಟ್ ಫ್ಲೋಟ್. ಜೋರು ಸದ್ದಿಗೆ ಸ್ವರ ಒಡೆಯದಂತೆ ಅದು ಕಾಯುತ್ತೆ, ಜಾತ್ರೆಯ ಪಟಾಕಿಗೆ ಒಳ್ಳೇದು. ಆದರೆ ದೂರ ನಿಂತು ಪಿಸುಮಾತು ಹಿಡಿದರೆ ಅದರಲ್ಲೂ ಶ್ಶ್ಶ್ ಇದ್ದೇ ಇರುತ್ತೆ.

ಇಷ್ಟೆಲ್ಲ ಯಾಕೆ, ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆದರಾಯ್ತಲ್ಲ ಅಂತ ನೀವು ಕೇಳಬಹುದು. ನಮ್ಮ ವೃತ್ತಿಯವರ ಮೊದಲ ಉತ್ತರ ಅದೇ. ಇಲ್ಲಿ ನನಗೆ ನಿಜವಾದ ತಕರಾರಿದೆ.

ಹಿಸ್ ತೆಗೆಯುವ ಕಥೆಯಲ್ಲಿ ಭಾರತದ ಒಂದು ಎಳೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಥಿಯೇಟರ್‌ನಲ್ಲಿ ಹೆಸರು ನೋಡ್ತೀವಲ್ಲ, ಡಾಲ್ಬಿ, ಆ ರೇ ಡಾಲ್ಬಿ 1963ರಿಂದ 65ರವರೆಗೆ ಯುನೆಸ್ಕೋ ಸಲಹೆಗಾರರಾಗಿ ಚಂಡೀಗಢದ ಕೇಂದ್ರ ವೈಜ್ಞಾನಿಕ ಉಪಕರಣ ಸಂಸ್ಥೆಯಲ್ಲಿದ್ದರು. ಟೇಪಿನ ಹಿಸ್ ತಗ್ಗಿಸುವ ಅವರ ಯೋಚನೆ ಮೊಳೆತಿದ್ದು ಆ ದಿನಗಳಲ್ಲೇ. 1965ರಲ್ಲಿ ಲಂಡನ್‌ಗೆ ಹೋಗಿ ಲ್ಯಾಬ್ ತೆರೆದರು. ಅವರ ಉಪಾಯದ ಚೆಂದ ಏನೆಂದರೆ, ಕೆಲಸ ರೆಕಾರ್ಡ್ ಮಾಡುವಾಗಲೇ ಶುರು. ಮೆಲ್ಲಗಿನ ಸ್ವರಗಳನ್ನು ಟೇಪಿಗೆ ಹೋಗುವ ಮುಂಚೆಯೇ ಎತ್ತಿಕೊಳ್ಳೋದು, ಕೇಳಿಸುವಾಗ ಅಷ್ಟೇ ಇಳಿಸೋದು. ಇಳಿಸುವಾಗ ಟೇಪು ಸೇರಿಸಿದ ಹಿಸ್ಸೂ ಇಳಿಯುತ್ತೆ. ಸ್ವರ ಮಾತ್ರ ಎತ್ತಿದಷ್ಟೇ ಇಳಿದಿದ್ದರಿಂದ ಮೊದಲಿದ್ದ ಜಾಗಕ್ಕೇ ಬಂದು ನಿಲ್ಲುತ್ತೆ.

ಈಗ ನಾವು ಬಳಸುವ ಸಾಫ್ಟ್‌ವೇರ್‌ನ ದಾರಿ ಬೇರೆ. ಎಲ್ಲ ಆದಮೇಲೆ, ಬೆರೆತ ಮೇಲೆ, ಬೇರ್ಪಡಿಸಲು ಕೂರೋದು. 1979ರಲ್ಲಿ ಸ್ಟೀವನ್ ಬೋಲ್ ಎಂಬಾತ ಸ್ಪೆಕ್ಟ್ರಲ್ ಸಬ್‌ಟ್ರಾಕ್ಷನ್ ಅನ್ನೋ ವಿಧಾನ ಬರೆದ. ಮಾತಿಲ್ಲದ ಜಾಗದಲ್ಲಿ ಹಿಸ್ ಹೇಗಿದೆ ನೋಡಿಕೊಳ್ಳಿ, ಆ ಪ್ರಮಾಣವನ್ನು ಇಡೀ ರೆಕಾರ್ಡಿಂಗ್‌ನಿಂದ ಕಳೆಯಿರಿ. ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಒತ್ತಿದಾಗ ಆಗೋದು ಸ್ಥೂಲವಾಗಿ ಇದೇ ಜಾತಿಯ ಕೆಲಸ. ಅದಕ್ಕೇ ಶುರುವಿನಲ್ಲಿ ಹತ್ತು ಸೆಕೆಂಡ್ ಯಾರೂ ಮಾತಾಡದೆ ರೆಕಾರ್ಡ್ ಮಾಡಿ ಅನ್ನೋದು. ಆಟೋ ಗೇನ್ ಇದ್ದರೆ ಈ ಲೆಕ್ಕವೂ ಕೆಡುತ್ತೆ, ಯಾಕೆಂದರೆ ಹಾಡಿನ ಹಿಂದಿನ ಹಿಸ್ಸು ಬೇರೆ, ಮೌನದ ಹಿಸ್ಸು ಬೇರೆ. ಮತ್ತೆ ಹಿಸ್ ಅನ್ನೋದು ಸಮತಟ್ಟಾದ ನೆಲ ಅಲ್ಲ, ಕ್ಷಣಕ್ಷಣಕ್ಕೂ ಕುದಿಯುವ ವಸ್ತು. ಸರಾಸರಿಯನ್ನು ಕಳೆದರೆ ಅಲ್ಲಲ್ಲಿ ಚೂರು ಉಳಿದು ಟಿಣ್ ಟಿಣ್ ಅಂತ, ನೀರೊಳಗಿಂದ ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ. ಕನ್ನಡದ ಸ, ಶ, ಷ ಇವೆಲ್ಲ ಹಿಸ್ ಇರುವ ಎತ್ತರದಲ್ಲೇ ವಾಸ ಮಾಡೋವು. ಜೋರಾಗಿ ಉಜ್ಜಿದರೆ ಸೊಸೆ ಹೋಗಿ ಒಎ ಆಗ್ತಾಳೆ. ಹಕಾರ ಅಂತೂ ಬರೀ ಉಸಿರು. ನಮ್ಮ ಕಡೆ ಎಷ್ಟೋ ಹಿರಿಯರ ಬಾಯಲ್ಲಿ ಹಕಾರ ಮೊದಲೇ ಸವೆದಿರುತ್ತೆ, ಉಳಿದಿದ್ದನ್ನು ಸಾಫ್ಟ್‌ವೇರ್ ತಿಂದು ಮುಗಿಸುತ್ತೆ.

ಹೊಸ ನ್ಯೂರಲ್ ಟೂಲ್‌ಗಳು ಇದಕ್ಕಿಂತ ಜಾಣ. ನೀವು ದಿನಾ ಬೆಳಿಗ್ಗೆ ಸ್ಟ್ಯಾಂಡಪ್ ಕಾಲ್‌ನಲ್ಲಿ ಬಳಸ್ತೀರಿ. ಹಿಂದೆ ಕುಕ್ಕರ್ ಕೂಗಿದರೂ ಮ್ಯಾನೇಜರ್‌ಗೆ ಕೇಳಿಸಲ್ಲ, ಅಷ್ಟು ಚೆನ್ನಾಗಿ ಕೆಲಸ ಮಾಡ್ತವೆ. ಆದರೆ ಅವಕ್ಕೆ ಕಲಿಸಿರೋದು ಏನು? ಮನುಷ್ಯರ ಮಾತು ಯಾವುದು, ಮಾತಲ್ಲದ್ದು ಯಾವುದು. ಮಾತಲ್ಲದ್ದೆಲ್ಲ ಕಸ. ಮೀಟಿಂಗ್‌ಗೆ ಅದು ಸರಿ. ಅದನ್ನೇ ತಂದು ಗೊಲ್ಲರಹಟ್ಟಿಯ ರೆಕಾರ್ಡಿಂಗ್ ಮೇಲೆ ಓಡಿಸಿದರೆ ಏನಾಗುತ್ತೆ ಅಂತ ಹೇಳ್ತೀನಿ, ಯಾಕೆಂದರೆ ಅಂಥದ್ದೊಂದು ನನ್ನ ಹಾರ್ಡ್‌ಡಿಸ್ಕ್‌ನಲ್ಲಿದೆ.

ಹಿರಿಯೂರು, ಚಳ್ಳಕೆರೆ, ಶಿರಾ ಕಡೆಯ ಕಾಡುಗೊಲ್ಲರಲ್ಲಿ ಜುಂಜಪ್ಪನ ಕಥೆ ದೊಡ್ಡದು. ರಾತ್ರಿಯೆಲ್ಲ ಹೇಳುವಂಥದ್ದು. ಜತೆಗೆ ಗಣೆ ಊದ್ತಾರೆ, ಉದ್ದನೆಯ ಬಿದಿರಿನ ಕೊಳಲು ಅದು. ಕಛೇರಿಯ ಕೊಳಲಿನ ಹಾಗೆ ತೊಳೆದಿಟ್ಟ ಸ್ವರ ಅಲ್ಲ ಅದರದ್ದು. ಸ್ವರದ ಸುತ್ತ ಉಸಿರು ಇರುತ್ತೆ, ಬಿದಿರಿನೊಳಗೆ ಗಾಳಿ ಉಜ್ಜಿಕೊಂಡು ಹೋಗುವ ಶ್ಶ್ ಇರುತ್ತೆ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳಿದರೆ ಅರ್ಧ ವಾದ್ಯವೇ ಹಿಸ್.

ಹಿರಿಯೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಗಣೆ ಊದಿ ಕಥೆ ಹೇಳುವ ಹಿರಿಯರೊಬ್ಬರಿದ್ದರು. ನನ್ನ ಜತೆ ಓದಿದ ಗೆಳೆಯನ ಕಡೆಯವರು. ಅವರು ತೀರಿಕೊಳ್ಳುವ ಹಿಂದಿನ ವರ್ಷ ಮನೆಯವರು ಮದುವೆ ವಿಡಿಯೋ ತೆಗೆಯುವ ಹುಡುಗನನ್ನು ಕರೆಸಿ ರೆಕಾರ್ಡ್ ಮಾಡಿಸಿದರು. ಕ್ಯಾಮೆರಾ ಒಳ್ಳೇದೇ. ಟ್ರೈಪಾಡ್ ಹಾಕಿ, ಅಂಗಳದ ಆ ತುದಿಯಲ್ಲಿ ನಿಲ್ಲಿಸಿದ್ದಾನೆ, ಇಡೀ ಮನೆ, ಬೇವಿನ ಮರ, ಹಿರಿಯರು ಎಲ್ಲ ಫ್ರೇಮಿನಲ್ಲಿ ಚೆಂದವಾಗಿ ಕೂತಿದ್ದಾರೆ. ಮೈಕ್ ಕ್ಯಾಮೆರಾದ ತಲೆಯ ಮೇಲೆ. ಆಟೋ ಗೇನ್. 40 ನಿಮಿಷ. ಅವರು ಸ್ವರ ತಗ್ಗಿಸಿ ಹೇಳುವ ಜಾಗ, ಅಂದರೆ ಕಥೆಯ ಮುಖ್ಯ ಜಾಗಗಳಲ್ಲೇ, ಹಿಸ್ ಎದ್ದು ಬಂದು ಮಾತನ್ನು ಮುಚ್ಚುತ್ತೆ. ಅವರ ಸ್ವರದ ರೆಕಾರ್ಡಿಂಗ್ ಅಂತ ಜಗತ್ತಿನಲ್ಲಿ ಇರೋದು ಇದೊಂದೇ.

ಗೆಳೆಯ ಪೆನ್‌ಡ್ರೈವ್ ತಂದುಕೊಟ್ಟು, ನೀನು ಸಾಫ್ಟ್‌ವೇರ್ ಅಲ್ವೇನಪ್ಪಾ, ಕ್ಲೀನ್ ಮಾಡಿಕೊಡು ಅಂದ. ನ್ಯೂರಲ್ ಟೂಲ್‌ಗೆ ಹಾಕಿದೆ. ಮಾತು ಅದ್ಭುತವಾಗಿ ಸ್ವಚ್ಛ ಆಯ್ತು, ರೇಡಿಯೋ ನಿಲಯದಲ್ಲಿ ಕೂತು ಹೇಳಿದ ಹಾಗೆ. ಗಣೆ ಹೋಯ್ತು. ಕೆಲವು ಕಡೆ ಪೂರ್ತಿ ಮಾಯ, ಕೆಲವು ಕಡೆ ಕತ್ತು ಹಿಸುಕಿದ ಹಾಗೆ ಒಂದು ಕುಯ್ ಅಂದು ನಿಲ್ಲುತ್ತೆ. ಯಂತ್ರದ ದೃಷ್ಟಿಯಲ್ಲಿ ಜುಂಜಪ್ಪನ ಗಣೆಯೂ ಪಕ್ಕದ ಮನೆ ಮಿಕ್ಸಿಯೂ ಒಂದೇ. ಮಾತಿನ ನಡುವೆ ಹಿರಿಯರು ಸುಮ್ಮನಿದ್ದ ಜಾಗದಲ್ಲಿ ಹಟ್ಟಿಯ ಕುರಿ, ಮಗು, ಅವರ ಕೆಮ್ಮು ಎಲ್ಲ ಅಳಿಸಿ ಕಪ್ಪು ಮೌನ. ಅಂಥ ಮೌನ ನಮ್ಮ ಯಾವ ಊರಲ್ಲೂ ಇಲ್ಲ.

ನಮ್ಮ ಜಿಲ್ಲೆಯಲ್ಲಿ ಬಾಯಲ್ಲಿ ಮಹಾಕಾವ್ಯ ಇಟ್ಟುಕೊಂಡವರಿಗೆ ಕೊರತೆ ಇರಲಿಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದ ಹೇಳುತ್ತಿದ್ದರು, ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟಿತು, ಕೃಷ್ಣಮೂರ್ತಿ ಹನೂರು ಅವರ ಪದಗಳನ್ನು ಸಂಗ್ರಹಿಸಿ ಪುಸ್ತಕಕ್ಕೆ ತಂದರು. ವಿದ್ವಾಂಸರು ಕೂತು, ಕೇಳಿ, ಬರೆದುಕೊಳ್ಳುತ್ತಿದ್ದರು, ಕೇಳಿಸದಿದ್ದರೆ ಇನ್ನೊಮ್ಮೆ ಹೇಳಜ್ಜಿ ಅನ್ನುತ್ತಿದ್ದರು. ಹತ್ತಿರ ಕೂತಿದ್ದರು ಅನ್ನೋದನ್ನು ಗಮನಿಸಿ. ನಮ್ಮ ಕಾಲದಲ್ಲಿ ಪ್ರತಿ ಹಟ್ಟಿಗೂ ಕ್ಯಾಮೆರಾ ಬಂದಿದೆ, ಕ್ಯಾಮೆರಾ ಬಂದಮೇಲೆ ನಾವು ದೂರ ಕೂತಿದ್ದೇವೆ. ಯಾಕೆಂದರೆ ಮೈಕು ಹತ್ತಿರ ಇಟ್ಟರೆ ಫ್ರೇಮಿನಲ್ಲಿ ಕಾಣುತ್ತೆ, ಅಸಹ್ಯ ಅಂತ. ಟಿವಿ ಸುದ್ದಿಯವರು ಮಂತ್ರಿಯ ಮೂತಿಗೆ ಹತ್ತು ಮೈಕ್ ಹಿಡೀತಾರೆ, ಅಲ್ಲಿ ಯಾರಿಗೂ ಅಸಹ್ಯ ಅನ್ನಿಸಿಲ್ಲ.

ಈ ರೆಕಾರ್ಡಿಂಗ್‌ಗೆ ಕೊನೆಗೆ ಮಾಡಿದ್ದು ಇಷ್ಟು. ಮಾತಿನ ಜಾಗಕ್ಕೆ ಮಾತ್ರ ಹಳೇ ವಿಧಾನದಲ್ಲಿ ಹಿಸ್ಸನ್ನು 6 ಡೆಸಿಬಲ್ ಇಳಿಸಿದೆ, ಅದಕ್ಕಿಂತ ಹೆಚ್ಚು ಮುಟ್ಟಲಿಲ್ಲ. ಗಣೆಯ ಜಾಗ ಹಾಗೇ ಬಿಟ್ಟೆ. ಸಾಲುಗಳ ನಡುವೆ ಏಳುವ ಹಿಸ್ಸಿನ ಅಲೆಯನ್ನು ಕೈಯಲ್ಲೇ ಗೆರೆ ಎಳೆದು ತಗ್ಗಿಸಿದೆ, ಮೂರು ಶನಿವಾರ ಹಿಡೀತು. ನ್ಯೂರಲ್ ಟೂಲ್ ಕೊಟ್ಟ ಪ್ರತಿಯನ್ನು ಬಿಸಾಕಲಿಲ್ಲ. ಕಿವಿಗೆ ಅದು ಬೇಡ, ಆದರೆ ಮಾತು ಬರೆದುಕೊಳ್ಳುವುದಕ್ಕೆ ಉಪಯೋಗಕ್ಕೆ ಬಂತು. ಗೆಳೆಯ ಮತ್ತು ಅವನ ಚಿಕ್ಕಪ್ಪ ಎರಡನ್ನೂ ಹಿಂದೆ ಮುಂದೆ ಓಡಿಸಿ ಪಠ್ಯ ಬರೆದರು. ಹನ್ನೊಂದು ಕಡೆ ಏನೂ ತಿಳಿಯದೆ ಚುಕ್ಕಿ ಹಾಕಿದ್ದಾರೆ. ಚಿಕ್ಕಪ್ಪನಿಗೆ ಆ ಜಾಗದಲ್ಲಿ ಏನು ಬರಬೇಕು ಅಂತ ಅಂದಾಜಿದೆ, ಆದರೆ ಅಂದಾಜು ಬರೆಯೋದು ಬೇಡ, ಅವರು ಪ್ರತಿ ಸಲ ಅದನ್ನು ಬೇರೆ ಥರ ಹೇಳುತ್ತಿದ್ದರು ಅಂದರು.

ಮೂಲ ಫೈಲನ್ನು ಮೂರು ಕಡೆ ಇಟ್ಟಿದ್ದೇವೆ, ಕ್ಯಾಮೆರಾ ಕಾರ್ಡಿನಿಂದ ನೇರ ತೆಗೆದದ್ದು. ಇದೊಂದನ್ನು ಯಾರಿಗೆ ಬೇಕಾದರೂ ಹೇಳ್ತೀನಿ, ವಾಟ್ಸಾಪ್‌ನಲ್ಲಿ ಕಳಿಸಿದ್ದೀನಲ್ಲ ಅಂತ ಮೂಲವನ್ನು ಅಳಿಸಬೇಡಿ. ವಾಟ್ಸಾಪ್ ಸದ್ದನ್ನು ಹಿಂಡಿ ಚಿಕ್ಕದು ಮಾಡುತ್ತೆ, ಮತ್ತೆ ಹಿಂಡೋಕೆ ಅತಿ ಕಷ್ಟದ ವಸ್ತು ಹಿಸ್ಸೇ, ಅದರಲ್ಲಿ ಮುಂದಿನದನ್ನು ಊಹಿಸುವಂಥ ಕ್ರಮ ಇಲ್ಲವಲ್ಲ. ಆ ಹಿಸ್ಸನ್ನು ಹಿಡಿಯುವ ಗಡಿಬಿಡಿಯಲ್ಲಿ ಅದರ ಜತೆ ಅಂಟಿಕೊಂಡ ಸ್ವರವೂ ಕಲಸಿಹೋಗುತ್ತೆ. ನಾಳೆ ಇನ್ನೂ ಒಳ್ಳೇ ಟೂಲ್ ಬರಬಹುದು, ಗಣೆ ಗೊತ್ತಿರುವ ಟೂಲ್ ಯಾರಾದರೂ ಮಾಡಬಹುದು. ಅದಕ್ಕೆ ತಿನ್ನಿಸೋಕೆ ಹಿಂಡದ ಫೈಲ್ ಬೇಕು.

ಕಳೆದ ದೀಪಾವಳಿಗೆ ಹೋದಾಗ ಹಿರಿಯರ ಮೊಮ್ಮಗಳು ಮೂರೂ ಪ್ರತಿ ಕೇಳಿಸಿಕೊಂಡು, ನಾನು ಸರಿಪಡಿಸಿದ್ದನ್ನು ಪಕ್ಕಕ್ಕಿಟ್ಟು, ಹಿಸ್ ಇರುವ ಮೊದಲಿನದ್ದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಡು ಅಂದಳು. ಅವರ ಗೂಡ್ಸ್ ಗಾಡಿಯ ಸ್ಟೀರಿಯೋದಲ್ಲಿ ಎಂಪಿ3 ಮಾತ್ರ ಓಡುತ್ತಂತೆ. ಹಾಕಿಕೊಟ್ಟೆ. ಡೀಸೆಲ್ ಇಂಜಿನ್ ಸದ್ದಲ್ಲಿ ಶ್ಶ್ಶ್ ಗೊತ್ತೇ ಆಗಲ್ಲ ಅಂತ ಆಮೇಲೆ ಫೋನ್ ಮಾಡಿ ಹೇಳಿದಳು.